ತೊಂಬತ್ತು ದಿನದ ಬಾಣಂತನ

ನಮ್ಮ ದೇವನಹಳ್ಳಿಯ ಪಕ್ಕದಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅಂದಿನಿಂದ ಬಟ್ಟೆ ಒಣಹಾಕಲು ಮಹಡಿ ಹತ್ತಿದಾಗೆಲ್ಲ ತಲೆಯ ಮೇಲೆ ವಿಮಾನ. ಜರ್ಮನಿಯಲ್ಲಿರುವ ಮಗಳು ಬಸುರಿ ಎಂದು ತಿಳಿದಾಗ ಪಕ್ಕದ ಮನೆಯಾಕೆ, "ನಿಮಗೇನು ಟೀಚರೇ, ಮನೆ ಬಾಗಿಲಲ್ಲೇ ವಿಮಾನ, ಹತ್ತಿ ಕೂತ್ರೆ ಆಯ್ತು" ಎಂದರು. ನಾನೂ ಹಾಗೆಯೇ ತಿಳಿದಿದ್ದೆ.

ಹತ್ತಿ ಕೂರುವ ಮೊದಲು ಷೆಂಗೆನ್ ವೀಸಾ ಬೇಕು. ಷೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಪುಟ್ಟ ಹಳ್ಳಿ. 1985ರಲ್ಲಿ ಐದು ದೇಶಗಳು ಅಲ್ಲಿ ಸೇರಿ, ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆಯನ್ನು ಹಂತಹಂತವಾಗಿ ನಿಲ್ಲಿಸಲು ಒಪ್ಪಂದ ಮಾಡಿಕೊಂಡವು. ಈಗ 29 ದೇಶಗಳಿವೆ. ಒಳಮನೆಗಳ ಬಾಗಿಲು ತೆರೆದಿದೆ, ತಲೆಬಾಗಿಲು ಮಾತ್ರ ಭದ್ರ.

90 ಯೂರೋ ಶುಲ್ಕ, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ, ಬ್ಯಾಂಕಿನ ಲೆಕ್ಕ, ಬೆರಳಚ್ಚು, ಹೋಗಿಬರುವ ಟಿಕೆಟ್ಟಿನ ವಿವರ. ಅತ್ತೆಯ ಖರ್ಚೆಲ್ಲ ತಮ್ಮದೆಂದು ಅಳಿಯಂದಿರು ಅಲ್ಲಿನ ಕಚೇರಿಯಲ್ಲಿ ಮುಚ್ಚಳಿಕೆ ಬರೆದುಕೊಟ್ಟರು. ಅರ್ಜಿಯಲ್ಲಿ ಬಾಣಂತನಕ್ಕೆಂದು ಕಾಲಂ ಇಲ್ಲ. 'ಕುಟುಂಬದವರ ಭೇಟಿ' ಎಂದು ಗುರುತು ಹಾಕಿದೆ. ಇದೆಲ್ಲ ಸರಿ. ನನ್ನನ್ನು ಕಾಡಿದ್ದು, ಖಂಡಿತ ಹಿಂದಿರುಗುತ್ತೇನೆ ಎಂಬುದಕ್ಕೆ ಸಾಕ್ಷಿ ಒದಗಿಸುವ ಕೆಲಸ. ಶಾಲೆಯ ಪತ್ರ, ರಜೆಯ ಮಂಜೂರಾತಿ, ಮನೆ ಕಂದಾಯದ ರಸೀದಿ, ಜಮೀನಿನ ಪಹಣಿ ಎಲ್ಲ ಜೋಡಿಸಿದೆ. ಮಗಳನ್ನು ಬಿಟ್ಟು ಬರಲು ನನಗೆ ಇಷ್ಟೊಂದು ಕಾರಣಗಳಿವೆಯೆಂದು ನಾನೇ ಸಹಿ ಹಾಕುವಾಗ ಕೈ ತಡೆಯಿತು.

ನಮ್ಮಮ್ಮ ನನಗೆ ಐದು ತಿಂಗಳು ಬಾಣಂತನ ಮಾಡಿದ್ದರು. ಈ ವೀಸಾದಲ್ಲಿ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಇಳಿದ ದಿನ, ಹೊರಡುವ ದಿನ ಎರಡೂ ಲೆಕ್ಕಕ್ಕೆ. ಬೇಗ ಹೋದರೆ ದಿನ ನಷ್ಟ. ತಡವಾದರೆ ಹೆರಿಗೆಯ ಹೊತ್ತಿಗೆ ತಾಯಿ ಇಲ್ಲ. ಡಾಕ್ಟರು ಹೇಳಿದ ದಿನಕ್ಕೆ ಹತ್ತು ದಿನ ಮೊದಲು ಹೋದೆ. ಮೊಮ್ಮಗಳು ಎಂಟು ದಿನ ತಡ ಮಾಡಿದಳು. ಹದಿನೆಂಟು ದಿನ ಹಾಗೇ ಕಳೆದವು.

ಉಳಿದ ದಿನಗಳಲ್ಲಿ ಎಣ್ಣೆನೀರು, ಓಮದ ನೀರು, ಮೆಣಸಿನ ಸಾರು ಎಲ್ಲ ನಡೆಯಿತು. ಹೊಗೆಗೆ ಮನೆಯ ಅಲಾರಂ ಕೂಗುತ್ತದೆಂದು ಸಾಂಬ್ರಾಣಿಯನ್ನು ಮಾತ್ರ ಬಿಟ್ಟೆ. ಒಂದು ದಿನ ಮಗಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸುತ್ತಿದ್ದಳು. ಅವಳು ಮಲಗಿದ ಮೇಲೆ ಅದನ್ನು ತೆಗೆದು ಬೀರುವಿನಲ್ಲಿಟ್ಟೆ.

ಹೊರಟಾಗ ಮಗು ನನ್ನ ಮುಖ ನೋಡಿ ನಗುತ್ತಿತ್ತು. ಬೋರಲು ಬಿದ್ದದ್ದನ್ನು ಇಲ್ಲಿಂದ ಫೋನಿನಲ್ಲಿ ನೋಡಿದೆ. ಪಾಯಸ ಮಾಡಿ ಪಕ್ಕದ ಮನೆಗೂ ಕೊಟ್ಟೆ.

"ಇನ್ನೆರಡು ತಿಂಗಳು ಇದ್ದು ಬರಬಾರದಿತ್ತೇ ಟೀಚರೇ?" ಎಂದರು ಆಕೆ.

"ಪಹಣಿ ಕೊಟ್ಟು ಹೋಗಿದ್ದೆನಲ್ಲಮ್ಮ" ಎಂದೆ.