ಬಾಯಿಮಾತು, ಬರೆದ ಮಾತು

ಅಬ್ಬಾ ಮರಗೆಲಸ ಮಾಡುತ್ತಾರೆ. ಹೋದ ವರ್ಷ ಒಂದು ಬಟ್ಟೆ ಅಂಗಡಿಗೆ ರ‍್ಯಾಕು, ಕೌಂಟರ್ ಮಾಡಿಕೊಟ್ಟರು. ಎಲ್ಲ ಬಾಯಿಮಾತು. ಕೆಲಸ ಮುಗಿದ ಮೇಲೆ ಅಂಗಡಿಯವರು, "ಪಾಲಿಶ್ ಕೂಡ ಅದೇ ರೇಟಿನಲ್ಲಿ ಅಂದಿದ್ರಲ್ಲ" ಎಂದು 8,000 ರೂಪಾಯಿ ಹಿಡಿದುಕೊಂಡರು. ಆ ಸಲ ನನ್ನ ಫೀಸು ತಡವಾಯಿತು.

ನಮ್ಮ ಲೆಕ್ಚರರನ್ನು ಕೇಳಿದೆ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಆದರೆ ತಕರಾರು ಬಂದಾಗ ರುಜುವಾತು ಮಾಡುವುದು ಕಷ್ಟ ಎಂದರು.

ಮನೆಯಲ್ಲಿ ಹೇಳಿದರೆ ಅಬ್ಬಾ, "ಕಾಗದ ಕೇಳಿದ್ರೆ ನಂಬಿಕೆ ಇಲ್ಲ ಅಂದ್ಕೊತಾರೆ ಬೇಟಾ" ಎಂದರು. ಆಗ ದಾದಿ ಸೂರಾ ಬಕರಾದ 282ನೇ ಆಯತ್ ನೆನಪಿಸಿದರು. ಕುರ್‌ಆನಿನ ಅತಿ ಉದ್ದದ ಆಯತ್ ಅದು. ಗಡುವಿನ ಸಾಲ ಚಿಕ್ಕದಿರಲಿ ದೊಡ್ಡದಿರಲಿ ಬರೆದಿಡಿ, ಆಗ ಸಂಶಯಕ್ಕೆ ಎಡೆಯಿರುವುದಿಲ್ಲ ಎಂಬುದು ಅದರ ತಾತ್ಪರ್ಯ. ಅಬ್ಬಾ ಮತ್ತೆ ಮಾತಾಡಲಿಲ್ಲ.

ರಾತ್ರಿ ಕೂತು ಬರೆದೆ. "ಸದರಿ ಪಕ್ಷಕಾರರು" ಎಂದು ಶುರು ಮಾಡಿ ಓದಿ ಹೇಳಿದಾಗ ಅಬ್ಬಾ, "ಇವರ್ಯಾರು?" ಎಂದರು. ಹೊಡೆದುಹಾಕಿ, "ಗಿರಾಕಿ", "ಬಡಗಿ" ಎಂದೇ ಬರೆದೆ. ಯಾವ ಮರ, ಎಷ್ಟು ಅಡಿ, ಪಾಲಿಶ್ ಯಾರ ಖರ್ಚು, ಮುಂಗಡ ಎಷ್ಟು, ಬಾಕಿ ಯಾವತ್ತು, ನಡುವೆ ಕೆಲಸ ಹೆಚ್ಚಾದರೆ ಅದರ ದರವೇನು, ಎಲ್ಲ ಒಂದೇ ಪುಟದಲ್ಲಿ.

ಮುಂದಿನ ಗಿರಾಕಿಗೆ ಬೇಜಾರಾಗಲಿಲ್ಲ. ಪೂರ್ತಿ ಓದಿ, ಕೆಲಸ ಮುಗಿಸುವ ತಾರೀಖು ಬರೆದಿಲ್ಲವಲ್ಲ ಎಂದು ತಾವೇ ಸೇರಿಸಿ ಸಹಿ ಹಾಕಿದರು. ನಾನು ಅಬ್ಬಾನ ಭಯ ಮಾತ್ರ ಬರೆದಿದ್ದೆ. ಅವರಿಗೂ ಒಂದು ಭಯವಿತ್ತು.

ಹದಿನೆಂಟು ತುಂಬದ ನಾನು ಕರಾರು ಮಾಡಿಕೊಳ್ಳುವಂತಿಲ್ಲ. ಆದರೆ ಅಬ್ಬಾಗೆ ಬರೆದುಕೊಡಬಲ್ಲೆ. ನೀವೂ ನಿಮ್ಮ ಮನೆಯವರಿಗೆ ಬರೆದುಕೊಡಿ.