ತಲಿ ಮ್ಯಾಲಿನ ಕೈ

ನಾನು ಪ್ರಾರ್ಥನೆ ಮಾಡುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಗೆಳೆಯರು ನನ್ನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಒದ್ದಾಡಬಾರದು. ಆದರೂ ಮೂರು ವರ್ಷ ನಾನು ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೇರಿಗಳಲ್ಲಿ, ರೋಗಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಒಬ್ಬ ಹೆಂಗಸಿನ ಪಕ್ಕದಲ್ಲಿ ಬೈಬಲ್ಲು ಹಿಡಿದು ನಿಂತಿದ್ದೇನೆ. ಆಕೆ ನನ್ನ ದೊಡ್ಡವ್ವ. ಅವ್ವನ ಅಕ್ಕ. ಅಕ್ಷರ ಬಾರದವಳು.

ನಮ್ಮವರು ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯ ಮಾದರ ಕೇರಿ ಬಿಟ್ಟು ಬೆಟಗೇರಿಗೆ ಬಂದದ್ದು ಹೊಟ್ಟೆಗಾಗಿ. ಅಪ್ಪ ಗದುಗಿನ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ, ದೊಡ್ಡವ್ವ ಇಬ್ಬರೂ ಅಡತಿ ಅಂಗಡಿಗಳಲ್ಲಿ ಉಳ್ಳಾಗಡ್ಡಿ ಆರಿಸುವವರು, ಮೆಣಸಿನಕಾಯಿ ತೊಟ್ಟು ಬಿಡಿಸುವವರು. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಿ.ಎ. ಅಂತ ಬರೆದುಕೊಂಡವನು ನಾನೇ ಮೊದಲಿಗ. ಬರೆದುಕೊಂಡೆ, ಅಷ್ಟೆ. ಕೆಲಸ ಸಿಗಲಿಲ್ಲ. ಪದ್ಯ ಬರೆದೆ. ದೇವರನ್ನು ಬೈದು ಬರೆದೆ, ಸ್ವಾಮಿಗಳನ್ನು ಬೈದು ಬರೆದೆ, ಪಾದ್ರಿಗಳನ್ನೂ ಬಿಡಲಿಲ್ಲ. ದೊಡ್ಡವ್ವ ಅವನ್ನು ಓದುವ ಹಾಗಿರಲಿಲ್ಲವಲ್ಲ, ಅದರಿಂದ ನನಗೆ ಧೈರ್ಯವೂ ಇತ್ತು.

ಒಂದು ದಿನ ಆಕೆಯೇ ಬಂದು ಕೇಳಿದಳು: "ತಮ್ಮಾ, ನೀ ಇಷ್ಟ ಕಲತಿ. ಯಾರಿಗೆ ಉಪಯೋಗ ಆತು? ನನಗ ಓದಿ ಹೇಳಾಕ ಬಾ. ಓದೂದು ನಿಂದು, ಬೇಡಿಕೊಳ್ಳೂದು ನಂದು."

ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ನನ್ನ ಕಾಲೇಜಿನ ಫೀಯಲ್ಲಿ ಆಕೆಯ ಮೆಣಸಿನಕಾಯಿ ರೊಕ್ಕವೂ ಇತ್ತು.

ಬೆಟಗೇರಿಗೆ ಯೇಸುವಿನ ಹೆಸರು ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮುಟ್ಟಿದರು. ಆ ಮಿಶನ್ನಿನ ಕಿಟೆಲ್ಲರೇ 1894ರಲ್ಲಿ ನಮಗೆ ನಿಘಂಟು ಕೊಟ್ಟವರು. ನೇಕಾರರ ಈ ಊರಿನಲ್ಲಿ ಅವರು ಕಟ್ಟಿದ ಆಸ್ಪತ್ರೆಯನ್ನು ಹಳಬರು ಈಗಲೂ ಜರ್ಮನ್ ದವಾಖಾನಿ ಅನ್ನುತ್ತಾರೆ. ಪ್ರಾರ್ಥನೆಯನ್ನು ತಂದವರೇ ಔಷಧಿಯನ್ನೂ ತಂದರು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಆದರೆ ದೊಡ್ಡವ್ವನ ದೇವರು ಆ ಕಲ್ಲಿನ ಗುಡಿಯಿಂದ ಬಂದವನಲ್ಲ. ಆತ ಬಂದದ್ದು ಸಾವಿನ ಮನೆಯಿಂದ. ಆಕೆಯ ಹಿರಿಮಗಳಿಗೆ ಮೂರ್ಛೆರೋಗವಿತ್ತು. ಸವದತ್ತಿಯ ಎಲ್ಲಮ್ಮನಿಗೆ ಹೋದರು, ಹುಲಿಗೆಮ್ಮನಿಗೆ ಹೋದರು, ಲಕ್ಷ್ಮೇಶ್ವರದ ದರ್ಗಾಕ್ಕೂ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಹೋಗಿ ಹಣೆ ಹಚ್ಚಿದರು. ಕಿವಿಯ ಬೆಂಡೋಲೆ ಹೋದವು, ಆಡು ಹೋದವು. ಕೊನೆಗೆ ಮಗಳೂ ಹೋದಳು. ಮಣ್ಣು ಮಾಡಿ ಬಂದ ಮೂರನೆಯ ದಿನ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ನಡೆಸುವ ಗುಂಪಿನ ಒಬ್ಬ ಹೆಂಗಸು ಬಂದು ದೊಡ್ಡವ್ವನ ತಲೆಯ ಮೇಲೆ ಕೈಯಿಟ್ಟು ಕೂತಳಂತೆ. ಒಂದು ಮಾತೂ ಆಡಲಿಲ್ಲವಂತೆ. ಸುಮ್ಮನೆ ಅತ್ತಳಂತೆ.

"ಮಗಳು ಬದುಕಲಿಲ್ಲಲಾ ದೊಡ್ಡವ್ವ, ಮತ್ತ ಯಾವ ಪವಾಡ ನೋಡಿ ನಂಬಿದಿ?" ಅಂತ ನಾನು ಕೇಳಿದ್ದೆ.

"ಪವಾಡ ಎಲ್ಲೈತೋ. ಆಕಿ ಬ್ಯಾರೆ ಮಂದ್ಯಾಕಿ. ಮಾದರ ಮನ್ಯಾಗ ಬಂದು ನೆಲಕ್ಕ ಕೂತು ನನ್ನ ತಲಿ ಮುಟ್ಟಿದಳು."

ಇದಕ್ಕೆ ಉತ್ತರ ಕೊಡುವ ಪದ್ಯ ನಾನು ಇನ್ನೂ ಬರೆದಿಲ್ಲ.

ಹೀಗೆ ನನ್ನ ಓದು ಸುರುವಾಯಿತು. ಸಂಜೆ ಕೆಲಸ ಬಿಟ್ಟು ಬಂದ ಮೇಲೆ ಯಾವುದಾದರೂ ಒಂದು ಮನೆ. ನಡುವೆ ರೋಗಿ. ನಾನು ಓದುತ್ತೇನೆ, ದೊಡ್ಡವ್ವ ಕೊಬ್ಬರಿ ಎಣ್ಣೆಯ ಬಾಟಲಿಗೆ ಬೆರಳದ್ದಿ ಹಣೆಗೆ ಹಚ್ಚುತ್ತಾಳೆ. ಯಾಕೋಬನ ಪತ್ರಿಕೆಯಲ್ಲಿ ಹಾಗೆ ಮಾಡಲು ಹೇಳಿದೆ. ಆಮೇಲೆ ತಲೆಯ ಮೇಲೆ ಕೈ. ದಿನವೆಲ್ಲ ಮೆಣಸಿನಕಾಯಿ ಬಿಡಿಸಿದ ಕೈ. ಎಷ್ಟು ತೊಳೆದರೂ ಅದರ ಉರಿ ಹೋಗುವುದಿಲ್ಲ. ಒಬ್ಬ ಮುದುಕ "ನಿನ್ನ ಕೈಯಾಗ ಬೆಂಕಿ ಐತಿ, ಪವಿತ್ರಾತ್ಮ ಇಳದಾನ" ಅಂತ ಕೈಮುಗಿದ. ದೊಡ್ಡವ್ವ ನಕ್ಕು, "ಪವಿತ್ರಾತ್ಮ ಅಲ್ಲೋ ಯಪ್ಪಾ, ಬ್ಯಾಡಗಿ ಕಾಯಿ" ಅಂದಳು.

ಗದುಗಿನ ಚಹಾದಂಗಡಿಯಲ್ಲಿ ಗೆಳೆಯರು ನನ್ನನ್ನು ಹಿಡಿದು ಕೇಳಿದರು: "ಪುರೋಹಿತಶಾಹಿಯ ವಿರುದ್ಧ ಪದ್ಯ ಬರೆಯೋನು ಪಾದ್ರಿಶಾಹಿಯ ಚೀಲ ಹೊರತಿಯೇನು? 1935ರಲ್ಲಿ ಯೇವಲಾದಾಗ ಹಿಂದೂ ಆಗಿ ಸಾಯೂದಿಲ್ಲ ಅಂದ ಬಾಬಾಸಾಹೇಬರು ಇಪ್ಪತ್ತೊಂದು ವರ್ಷ ವಿಚಾರ ಮಾಡಿ 1956ರಲ್ಲಿ ನಾಗಪುರದಾಗ ಬೌದ್ಧರಾದರು. ಅವರು ಧರ್ಮ ಬದಲಿಸಿದ್ದು ಬುದ್ಧಿಯಿಂದ. ನಿನ್ನ ದೊಡ್ಡವ್ವ ಬದಲಿಸಿದ್ದು ಎಣ್ಣಿ ಬಾಟಲಿಯಿಂದ."

ಮಾತು ಚೂಪಾಗಿತ್ತು. ಅರ್ಧ ಖರೆಯೂ ಆಗಿತ್ತು. ಮೈದಾನದಲ್ಲಿ ಪೆಂಡಾಲು ಹಾಕಿ, ಧ್ವನಿವರ್ಧಕ ಕಟ್ಟಿ, ಕುಂಟರನ್ನು ನಡೆಸುತ್ತೇವೆಂದು ಕೂಗಿ, ಕೊನೆಗೆ ಕಾಣಿಕೆಯ ಚೀಲ ತಿರುಗಿಸುವ ಕೂಟಗಳನ್ನು ನಾನೂ ಕಂಡಿದ್ದೇನೆ. ಅಲ್ಲಿ ನಡೆಯುವುದು ವ್ಯಾಪಾರ. ಆದರೆ ದೊಡ್ಡವ್ವನ ಬಳಿ ಚೀಲವಿರಲಿಲ್ಲ. ಅವಳೇ ರೋಗಿಯ ಮನೆಗೆ ಹೋಗುವಾಗ ಸೆರಗಿನಲ್ಲಿ ಎರಡು ತತ್ತಿ ಕಟ್ಟಿಕೊಂಡು ಹೋಗುತ್ತಿದ್ದಳು.

ಆ ತತ್ತಿಯ ಕತೆಯೂ ಇದೆ. 2022ರ ಮೇ ತಿಂಗಳಲ್ಲಿ ಮತಾಂತರದ ಮೇಲೆ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದು ಕಾಯ್ದೆಯಾಯಿತು. ಆಮಿಷ ಒಡ್ಡಿ ಮತಾಂತರ ಮಾಡಿದರೆ ಮೂರರಿಂದ ಐದು ವರ್ಷ ಸಜೆ. ಮತ ಬದಲಿಸಿದವರು ಹೆಂಗಸರೋ, ಪರಿಶಿಷ್ಟರೋ ಆಗಿದ್ದರೆ ಮೂರರಿಂದ ಹತ್ತು ವರ್ಷ. ಉಡುಗೊರೆಯೂ ಆಮಿಷದ ಪಟ್ಟಿಯಲ್ಲಿದೆ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡುವುದಾಗಿ ತೀರ್ಮಾನಿಸಿತು. ಆದರೆ ಸಂಪುಟದ ಸುದ್ದಿ ಕೇರಿಗೆ ಬರುವಷ್ಟರಲ್ಲಿ ಹೆದರಿಕೆ ಅಲ್ಲಿ ಮನೆ ಮಾಡಿತ್ತು. ಒಂದು ಸಂಜೆ ಇಬ್ಬರು ಹುಡುಗರು ಗಾಡಿ ನಿಲ್ಲಿಸಿ, "ಏನವಾ, ಒಂದ ತಲಿಗೆ ಎಷ್ಟ ರೊಕ್ಕ ಕೊಡ್ತಾರ ನಿನಗ?" ಅಂತ ಕೇಳಿ ಹೋದರು. ಆ ರಾತ್ರಿ ದೊಡ್ಡವ್ವ ನನ್ನನ್ನು ಕೇಳಿದಳು: "ತತ್ತಿ ಕೊಟ್ರ ಜೇಲಿಗೆ ಹಾಕ್ತಾರೇನು?"

ಅಕ್ಷರ ಕಲಿತ ನಾನು ಹೇಳಿದ್ದು, "ಸದ್ಯ ಬ್ಯಾಡ ದೊಡ್ಡವ್ವ." ತತ್ತಿ ನಿಂತಿತು. ಹಾಡಿನ ದನಿ ಇಳಿಯಿತು. ಬಾಗಿಲು ಮುಚ್ಚಿಕೊಂಡಿತು.

ಇನ್ನೊಂದು ಮಾತನ್ನೂ ಬರೆಯಬೇಕು. ದೊಡ್ಡವ್ವ ಇವತ್ತಿಗೂ ದೀಕ್ಷಾಸ್ನಾನಕ್ಕೆ ನೀರಿಗಿಳಿದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರ ವಿಷಯ ನೋಡಲು 2022ರಲ್ಲಿ ಕೇಂದ್ರ ಸರ್ಕಾರ ಒಂದು ಆಯೋಗ ನೇಮಿಸಿತು. ದೊಡ್ಡವ್ವನ ಕಿರಿಮಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಜಾತಿಯ ಸರ್ಟಿಫಿಕೇಟು ಹೋದರೆ ಹಾಸ್ಟೆಲೂ ಹೋದೀತೆಂಬ ಭಯ. "ನನ್ನ ಹೆಸರು ದೇವರಿಗೆ ಗೊತ್ತೈತಿ. ತಹಶೀಲ್ದಾರಗ ಗೊತ್ತಾಗೂದು ಬ್ಯಾಡ" ಅನ್ನುತ್ತಾಳೆ. ಧರ್ಮ ಬಿಟ್ಟರೂ ಜಾತಿ ಬಿಡುವುದಿಲ್ಲ. ಬಿಟ್ಟುಹೋಗುವುದು ಸರ್ಟಿಫಿಕೇಟು ಮಾತ್ರ.

ಜಾತಿ ಬಿಡುವುದಿಲ್ಲವೆಂಬುದಕ್ಕೆ ಸಾಕ್ಷಿ ಬೇಕೇ? ಮೇಲಿನ ಓಣಿಯ ಒಬ್ಬ ಹೆಂಗಸಿಗೆ ಅರೆತಲೆನೋವು. ಕತ್ತಲಾದ ಮೇಲೆ ಸೆರಗು ಮುಚ್ಚಿಕೊಂಡು ಬಂದು ದೊಡ್ಡವ್ವನ ಮುಂದೆ ತಲೆ ಬಾಗಿಸುತ್ತಿದ್ದಳು. ಆ ಕೈ ತಲೆಯ ಮೇಲಿಟ್ಟುಕೊಂಡು ಕಣ್ಣೀರು ಹಾಕುತ್ತಿದ್ದಳು. ಮರುದಿನ ಮುಂಜಾನೆ ನಳದ ಹತ್ತಿರ ದೊಡ್ಡವ್ವನ ಕೊಡ ತಾಗಿತೆಂದು ತನ್ನ ಕೊಡದ ನೀರು ಚೆಲ್ಲಿದಳು. ನಾನು ಕಣ್ಣಾರೆ ಕಂಡೆ. ಜಗಳಕ್ಕೆ ಹೊರಟೆ. ದೊಡ್ಡವ್ವ ತಡೆದಳು. ಮುಂದಿನ ವಾರ ಆ ಹೆಂಗಸು ಬಂದಾಗ ದೊಡ್ಡವ್ವ ಕೈ ಎತ್ತಲಿಲ್ಲ. "ಮೊದಲ ಒಂದು ವಾಟಗಾ ನೀರು ಕುಡಿ, ಆಮ್ಯಾಲ ಪ್ರಾರ್ಥನಾ" ಅಂದಳು. ಆ ಹೆಂಗಸು ನೀರನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಎದ್ದುಹೋದಳು. ಮತ್ತೆ ಬರಲಿಲ್ಲ. ನಾನು ಕಂಡ ಪ್ರಾರ್ಥನೆಗಳಲ್ಲಿ ಅದೇ ದೊಡ್ಡದು.

ಈಗ ನನ್ನ ತಪ್ಪನ್ನು ಹೇಳಬೇಕು.

ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದಾಳೆ. ನಾನು ಅತ್ತಿ ಅನ್ನುತ್ತೇನೆ. ಅವಳೂ ಮೆಣಸಿನಕಾಯಿ ಕೆಲಸದವಳು. 2023ರಲ್ಲಿ ಕೆಮ್ಮು ಹತ್ತಿತು. ಆ ಕೆಲಸದಲ್ಲಿ ಕೆಮ್ಮದವರು ಯಾರು? ಘಾಟಿನ ಕೆಮ್ಮು ಅಂತ ಎರಡು ತಿಂಗಳು ಕಳೆದಳು. ಸಂಜೆಯ ಜ್ವರ, ಸೊರಗಿದ ಮೈ. ಕೊನೆಗೆ ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಸರ್ಕಾರದ ಗುಳಿಗೆ ಸುರುವಾಯಿತು. ಆರು ತಿಂಗಳು, ದಿನಾ ತಪ್ಪದೆ. ಅದೇ ವಾರ ನಮ್ಮ ಪ್ರಾರ್ಥನೆಯೂ ಸುರುವಾಯಿತು. ನಾನು ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯ ಓದಿದೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ವೈದ್ಯರಿಗೆ ಇದ್ದದ್ದೆಲ್ಲ ಸುರಿದು, ಮೈಲಿಗೆಯವಳಾಗಿ ಬದುಕಿದ ಹೆಂಗಸು ಗುಂಪಿನಲ್ಲಿ ನುಗ್ಗಿ ಯೇಸುವಿನ ಬಟ್ಟೆ ಮುಟ್ಟಿ ವಾಸಿಯಾದ ಕತೆ. ಚೆನ್ನಾಗಿ ಓದಿದೆ. ಕವಿಯಲ್ಲವೇ ನಾನು? ದನಿ ಏರಿಸಿ ಇಳಿಸಿ ಓದಿದೆ. ಅತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಜ್ವರ ಹೋಯಿತು. ಅತ್ತಿ ಎದ್ದುನಿಂತು ಸಾಕ್ಷಿ ಹೇಳಿದಳು: ಯೇಸಪ್ಪ ನನ್ನ ಮುಟ್ಟಿದ, ನಾ ವಾಸಿಯಾದೆ. ಎಲ್ಲರೂ ಸ್ತೋತ್ರ ಅಂದರು. ಮನೆಗೆ ಹೋಗಿ ಅವಳು ಗುಳಿಗೆಯನ್ನು ಗೂಡಿನಲ್ಲಿಟ್ಟಳು. ಆ ಗುಳಿಗೆಯಿಂದ ಉಚ್ಚೆ ಕೆಂಪಗಾಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ವಾಸಿಯಾದ ಮೇಲೆ ಅದ್ಯಾಕೆ?

ಈ ರೋಗದ ಮೋಸವೇ ಇದು. ಗುಳಿಗೆ ಬಿದ್ದ ಕೆಲವು ವಾರಗಳಲ್ಲೇ ಹೆಚ್ಚಿನ ಕ್ರಿಮಿಗಳು ಸಾಯುತ್ತವೆ, ರೋಗಿ ಗುಣವಾದಂತೆ ಕಾಣುತ್ತಾನೆ. ಆದರೆ ಉಳಿದ ಕೆಲವು ಒಳಗೆ ಮಲಗಿರುತ್ತವೆ. ನಡುವೆ ಬಿಟ್ಟರೆ ಅವು ಮತ್ತೆ ಎದ್ದಾವು, ಹಳೆಯ ಔಷಧಿಗೆ ಬಗ್ಗದಂತೆಯೂ ಆದಾವು. ಸಾಕ್ಷಿಗೆ ನಿಲ್ಲಿಸುವ ಹೊತ್ತೂ ಗುಳಿಗೆ ಬಿಡುವ ಹೊತ್ತೂ ಒಂದೇ. ನಾಲ್ಕು ತಿಂಗಳ ಮೇಲೆ ಅತ್ತಿ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಬಂತು.

ನಾನು ದೊಡ್ಡವ್ವನ ಮೇಲೆ ಹರಿಹಾಯ್ದೆ. "ಗುಳಿಗಿ ಬಿಡು ಅಂತ ನಾ ಅಂದಿಲ್ಲ" ಅಂದಳು.

"ಬಿಡಬ್ಯಾಡ ಅಂತನೂ ಅಂದಿಲ್ಲ."

ದೊಡ್ಡವ್ವ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ನಾ ಓದಾಕ ಬಾರದಾಕಿ. ನೀ ಓದಿದವ. ನೀ ಯಾಕ ಅನಲಿಲ್ಲ?"

ಹೌದು. ನಾನು ಯಾಕೆ ಅನ್ನಲಿಲ್ಲ? ಗುಳಿಗೆಯ ಪೊಟ್ಟಣದ ಮೇಲಿನ ಅಕ್ಷರವೂ ನನಗೆ ಬರುತ್ತಿತ್ತು. ನಂಬಿಕೆಯಿಲ್ಲದವನು ಎಂಬ ಹೆಮ್ಮೆಯಲ್ಲಿ, ಇದು ಅವರ ವ್ಯವಹಾರ, ನಾನು ಬರೀ ಓದುವವನು ಅಂತ ಗೋಡೆಗೆ ಒರಗಿ ನಿಂತಿದ್ದೆ. ನಮ್ಮ ಜನರ ನಡುವೆ ನಿಂತೂ ಅವರಿಂದ ಮೇಲೆ ನಿಂತಿದ್ದೆ. ಬುದ್ಧಿಜೀವಿಯ ಮಡಿ ಅಂದರೆ ಇದೇ.

ಆ ರಾತ್ರಿ ನಿದ್ದೆಯಿಲ್ಲದೆ ಅದೇ ಪುಸ್ತಕ ತಿರುವಿದೆ. ಕುಷ್ಠರೋಗಿಯನ್ನು ಮುಟ್ಟಿ ವಾಸಿಮಾಡಿದ ಮೇಲೆ ಯೇಸು ಅವನಿಗೆ ಯಾಜಕನ ಹತ್ತಿರ ಹೋಗಿ ಮೈ ತೋರಿಸಿಕೋ ಅನ್ನುತ್ತಾನೆ. ರೋಗ ಹೋಗಿದೆಯೆಂದು ಪರೀಕ್ಷಿಸಿ ಹೇಳುವ ಅಧಿಕಾರ ಆ ಕಾಲದಲ್ಲಿ ಯಾಜಕನದು. ಅಂದರೆ, ನಾನು ಮುಟ್ಟಿದೆ ಅಂತ ಸುಮ್ಮನಾಗಬೇಡ, ತಪಾಸಣೆ ಮಾಡಿಸು ಅಂತ ಅರ್ಥ. ಮರುದಿನ ಪ್ರಾರ್ಥನೆಯಲ್ಲಿ ಅದನ್ನೇ ಓದಿದೆ. ಓದಿ, ಮೊದಲ ಸಲ ನನ್ನ ಮಾತು ಸೇರಿಸಿದೆ. 1956ರಿಂದ ಮದರಾಸಿನಲ್ಲಿ ಒಂದು ಅಧ್ಯಯನ ನಡೆಯಿತು. ಇಕ್ಕಟ್ಟಿನ ಮನೆಗಳ ಬಡ ಕ್ಷಯರೋಗಿಗಳೂ ಗುಳಿಗೆ ತಪ್ಪಿಸದಿದ್ದರೆ ಮನೆಯಲ್ಲಿದ್ದೇ ಗುಣವಾಗುತ್ತಾರೆ, ಸ್ಯಾನಟೋರಿಯಮ್ಮೇ ಬೇಕೆಂದಿಲ್ಲ ಎಂದು 1959ರಲ್ಲಿ ತೋರಿಸಿಕೊಟ್ಟರು. ಬಡವರ ಗುಡಿಸಲಲ್ಲಿ ನಡೆದ ಪವಾಡ ಅದು ಅಂದೆ. ನಮ್ಮ ಊರಿನ ಜರ್ಮನ್ ದವಾಖಾನಿ ಕಟ್ಟಿದವರೂ ಪ್ರಾರ್ಥನೆ ಮಾಡಿಯೇ ಔಷಧಿ ಕೊಟ್ಟವರು ಅಂದೆ.

ಅತ್ತಿಯನ್ನು ನಾವಿಬ್ಬರೂ ಕರೆದುಕೊಂಡು ಹೋದೆವು. ಕೈಚೀಟಿ ಬರೆದವರು ಅವಳನ್ನು ದೂರ ನಿಲ್ಲಿಸಿ, ಮುಖ ಎತ್ತದೆ, "ಯಾಕ ಬಿಟ್ಟಿ, ಸಾಯಾಕ?" ಅಂತ ಗದರಿಸಿದರು. ಗುಳಿಗೆ ಅಲ್ಲಿತ್ತು, ಕೈ ಇರಲಿಲ್ಲ. ನಮ್ಮ ಶೆಡ್ಡಿನಲ್ಲಿ ಕೈ ಇತ್ತು, ಗುಳಿಗೆ ಇರಲಿಲ್ಲ. ನಮ್ಮ ಜನ ಈ ಎರಡರ ನಡುವೆ ಸಾಯುತ್ತಿದ್ದಾರೆ, ಗೆಳೆಯರೇ. ಅವರನ್ನು ಮೂಢರು ಅಂತ ಕರೆಯುವ ಮೊದಲು ಇದನ್ನು ನೋಡಬೇಕು.

ಪುಣ್ಯಕ್ಕೆ ಔಷಧಿ ಇನ್ನೂ ಹತ್ತುವ ಹಾಗಿತ್ತು. ಮೊದಲಿನಿಂದ ಮತ್ತೆ ಆರು ತಿಂಗಳು. ಈ ಸಲ ದೊಡ್ಡವ್ವ ಪ್ರಾರ್ಥನೆಯ ಪದ್ಧತಿಯನ್ನೇ ಬದಲಿಸಿದಳು. ಯಾರೇ ಬರಲಿ, ಮೊದಲು "ಗುಳಿಗಿ ತೋರಸು" ಅನ್ನುತ್ತಾಳೆ. ಅಂಗೈಯಲ್ಲಿ ಅಂದಿನ ಗುಳಿಗೆ ಇಟ್ಟುಕೊಂಡು ಕೂರಬೇಕು. ಒಂದು ಕೈ ತಲೆಯ ಮೇಲೆ, ಒಂದು ಕೈ ಗುಳಿಗೆಯ ಮೇಲೆ. ಆಮೆನ್ ಅಂದ ಕೂಡಲೇ ಎದುರಿಗೇ ನುಂಗಬೇಕು. ಪೆಂಡಾಲಿನ ಪಾದ್ರಿಯೊಬ್ಬ ಇದು ಅಲ್ಪವಿಶ್ವಾಸ ಅಂದನಂತೆ. ದೊಡ್ಡವ್ವ, "ನನ್ನ ಮಗಳಿಗೆ ವಿಶ್ವಾಸ ಕಡಿಮಿ ಇದ್ದಿಲ್ಲ, ಗುಳಿಗಿ ಇದ್ದಿಲ್ಲ" ಅಂದಳಂತೆ.

ಕ್ಷಯರೋಗಿಯ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ 1000 ಮಾಡಿತು. ಅತ್ತಿಯ ಮೊದಲ ಕಂತು ಬರುವುದಕ್ಕೇ ತಡವಾಯಿತು. ಬರೀ ಹೊಟ್ಟೆಗೆ ಗುಳಿಗೆ ನುಂಗಿ ಅವಳು ವಾಂತಿ ಮಾಡಿಕೊಂಡ ದಿನ ನಾನು ಮಾರ್ಕನ ಅದೇ 5ನೆಯ ಅಧ್ಯಾಯವನ್ನು ಮತ್ತೆ ತೆಗೆದೆ. ಹಿಂದೆ ನಾನು ನಡುವೆ ನಿಲ್ಲಿಸಿದ್ದೆ. ಈ ಸಲ ಕೊನೆಯವರೆಗೆ ಓದಿದೆ. ಸತ್ತಳೆಂದುಕೊಂಡಿದ್ದ ಹನ್ನೆರಡು ವರ್ಷದ ಹುಡುಗಿಯನ್ನು ಕೈಹಿಡಿದು ಎಬ್ಬಿಸಿದ ಮೇಲೆ ಆತ ಮನೆಯವರಿಗೆ ಹೇಳುವ ಮಾತು ಅಲ್ಲಿದೆ: ಇವಳಿಗೆ ಉಣ್ಣಲಿಕ್ಕೆ ಏನಾದರೂ ಕೊಡಿ.

ದೊಡ್ಡವ್ವ ತಲೆಯೆತ್ತಿದಳು. "ಮತ್ತೊಮ್ಮೆ ಓದು."

ಓದಿದೆ.

"ಹಂಗಂತ ಬರದೈತೇನು?"

"ಬರದೈತಿ."

ಆಕೆ ಎದ್ದು ಮನೆಗೆ ಹೋಗಿ ಬಂದಳು. ಸೆರಗಿನಲ್ಲಿ ಎರಡು ತತ್ತಿ. ಬಾಗಿಲು ತೆರೆದೇ ಇತ್ತು. ಓಣಿಯ ಮಂದಿಯೆಲ್ಲ ನೋಡುವ ಹಾಗೆ ಅತ್ತಿಯ ಕೈಯಲ್ಲಿ ಇಟ್ಟಳು.