ಮನಸ್ಸಿಲ್ಲದ ದಿನದ ಸಾಮು

ದೇಹಸಾಧನೆಯನ್ನು ತೊಡಗಲು ಉತ್ಸಾಹ ಸಾಕಾದರೂ ಅದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಬೇಕಾದುದು ಏರ್ಪಾಡು ಎಂಬುದನ್ನು ಹಳೆಯ ಮೈಸೂರಿನ ಗರಡಿಮನೆಗಳು ಚೆನ್ನಾಗಿ ಅರಿತಿದ್ದವು. ಕೆಮ್ಮಣ್ಣಿನ ಮಟ್ಟಿಯನ್ನು ಹದಗೊಳಿಸಿ, ಆಂಜನೇಯನಿಗೆ ಕೈಮುಗಿದು, ದಂಡ ಬಸ್ಕಿಗಳಿಂದ ಸಾಮು ಆರಂಭಿಸುವ ಹೊತ್ತು ಅಲ್ಲಿ ಗೊತ್ತಾಗಿರುತ್ತಿತ್ತು. ಹುಡುಗನೊಬ್ಬ ಬಾರದಿದ್ದರೆ ವಸ್ತಾದ್ ಎನಿಸಿಕೊಂಡ ಗುರುವಿನ ಕಣ್ಣಿಗೆ ಅದು ಬೀಳುತ್ತಿತ್ತು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ಜಿಮ್ನಾಸಿಯಂನಲ್ಲಿ ಭಾರ ಎತ್ತುವ ಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಜೊತೆಯಾಗಿ ಕಲಿಸಿದರಲ್ಲದೆ, ಬರಲಾಗದವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು; ದೂರವಿದ್ದವನಿಗೂ ಒಂದು ಕ್ರಮ ಕೈಯಲ್ಲಿರಬೇಕೆಂಬ ಕಾಳಜಿ ಅದರಲ್ಲಿತ್ತು.

ಆದರೆ ಇಂದು ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್ ನಗರಗಳಲ್ಲಿ ನೆಲಸಿದ ಕನ್ನಡಿಗರಿಗೆ ಸಿಗುವ ಜಿಮ್ ಬೇರೆ ಬಗೆಯದು. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಅನೇಕ ಜಿಮ್‌ಗಳಲ್ಲಿ ಸದಸ್ಯನು ಕಾರ್ಡು ತೋರಿಸಿ ಒಳಹೋಗುತ್ತಾನೆ, ಶುಲ್ಕ ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ, ಬಾರದವನನ್ನು ಕೇಳುವವರಿಲ್ಲ. ಯಾವಾಗ ಬೇಕಾದರೂ ಹೋಗಬಹುದು ಎಂಬ ಅನುಕೂಲವೇ ಈಗ ಹೋಗಬೇಕಾಗಿಲ್ಲ ಎಂಬ ಸಮಾಧಾನವಾಗಿ ಮಾರ್ಪಡುವುದು ಇಲ್ಲಿಯೇ. ಅಮೆರಿಕದ ಮೂರು ಜಿಮ್‌ಗಳ ದಾಖಲೆಗಳನ್ನು ಪರಿಶೀಲಿಸಿ ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತಿಂಗಳಿಗೆ 70 ಡಾಲರಿಗೂ ಹೆಚ್ಚು ತೆತ್ತವರು ಸರಾಸರಿ ಐದು ಸಲವೂ ಹೋಗುತ್ತಿರಲಿಲ್ಲ. ಹೋದಾಗಲೆಲ್ಲ 10 ಡಾಲರ್ ಕೊಟ್ಟಿದ್ದರೆ ಅವರಿಗೆ ಅಗ್ಗವಾಗುತ್ತಿತ್ತು. ಕೊಟ್ಟ ಹಣ ಶಿಸ್ತನ್ನು ತರುತ್ತದೆಂಬ ನಂಬಿಕೆ ಹೀಗೆ ಹುಸಿಯಾಗುತ್ತದೆ.

ಈ ಮೂರು ನಗರಗಳಲ್ಲಿ ಉತ್ಸಾಹ ಕುಗ್ಗಲು ಸೂರ್ಯನೂ ಒಂದು ಕಾರಣ. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೆಳಗಾಗುವ ಕರ್ನಾಟಕದಿಂದ ಬಂದವರಿಗೆ, ಜೂನ್ ತಿಂಗಳಲ್ಲಿ ಪರ್ತ್ ಮತ್ತು ಅಡಿಲೇಡ್‌ಗಳಲ್ಲಿ ಏಳು ಗಂಟೆ ಕಳೆದ ಮೇಲೆ ಸೂರ್ಯ ಹುಟ್ಟಿ ಸಂಜೆ ಐದೂವರೆಯೊಳಗೆ ಮುಳುಗುವುದು ಹೊಸದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಜನ 1992ರ ಜನಮತದಲ್ಲಿ ತಿರಸ್ಕರಿಸಿದ್ದರಿಂದ ಅಲ್ಲಿ ಡಿಸೆಂಬರಿನ ಸೂರ್ಯ ಐದು ಗಂಟೆಗೂ ಮುಂಚೆಯೇ ಮೇಲೇರುತ್ತಾನೆ. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ 2009ರಲ್ಲಿ ನಾಲ್ಕನೆಯ ಸಲ ಆ ಪದ್ಧತಿಯನ್ನು ಬೇಡವೆಂದಿತು. ಅಡಿಲೇಡ್ ಮಾತ್ರ ಅಕ್ಟೋಬರಿನ ಮೊದಲ ಭಾನುವಾರ ಗಡಿಯಾರವನ್ನು ಮುಂದಿಟ್ಟು ಏಪ್ರಿಲಿನಲ್ಲಿ ಹಿಂದಕ್ಕೆ ತರುವುದರಿಂದ, ಬೆಳಕನ್ನು ನೆಚ್ಚಿ ಕಟ್ಟಿಕೊಂಡ ರೂಢಿ ಅಲ್ಲಿ ವರ್ಷಕ್ಕೆರಡು ಸಲ ಅಲುಗಾಡುತ್ತದೆ. ಜನವರಿಯಲ್ಲಿ ಹುರುಪಿನಿಂದ ಸೇರಿದವನು ಜೂನಿನಲ್ಲಿ ತನ್ನನ್ನು ಸೋಮಾರಿಯೆಂದು ಹಳಿದುಕೊಳ್ಳುವಾಗ, ಬದಲಾದದ್ದು ಅವನ ಸ್ವಭಾವವಲ್ಲ, ಬೆಳಗಿನ ಬೆಳಕು ಎಂಬುದನ್ನು ಯಾರಾದರೂ ಹೇಳಬೇಕು.

ಆದುದರಿಂದ ವ್ಯಾಯಾಮವನ್ನು ಗಡಿಯಾರಕ್ಕಿಂತ ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಜೋಡಿಸುವುದು ಲೇಸು. 'ಮಗುವನ್ನು ಶಾಲೆಗೆ ಬಿಟ್ಟ ಮೇಲೆ ನೇರವಾಗಿ ಜಿಮ್‌ಗೆ' ಎಂಬಂತಹ ನಿಶ್ಚಯವನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಕಾರ್ಯಸಂಕಲ್ಪವಾಗಿ ವಿವರಿಸಿದ್ದಾರೆ; ಯಾವ ಸಂದರ್ಭ ಬಂದಾಗ ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡರೆ ಆ ಗಳಿಗೆಯಲ್ಲಿ ಮನಸ್ಸಿನೊಡನೆ ವಾದಕ್ಕಿಳಿಯುವ ಶ್ರಮ ತಪ್ಪುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕದಂತೆ, ಇಂತಹ ನಡೆ ರೂಢಿಯಾಗಲು ಸುಮಾರು 66 ದಿನ ಬೇಕು, ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ರೂಢಿಯೇನೂ ಮುರಿಯುವುದಿಲ್ಲ. ಒಂದು ದಿನ ಬಿಟ್ಟುಹೋದುದಕ್ಕೆ ವ್ರತಭಂಗವಾಯಿತೆಂದು ಎಲ್ಲವನ್ನೂ ಕೈಬಿಡುವವರು ಬಹಳವಾದ್ದರಿಂದ ಈ ಕೊನೆಯ ಮಾತು ಅತ್ಯಂತ ಬೆಲೆಯುಳ್ಳದ್ದು.

ವಸ್ತಾದನ ಕಣ್ಣಿನ ಜಾಗವನ್ನು ಜೊತೆಗಾರರು ತುಂಬಬಲ್ಲರು. ಶನಿವಾರ ಬೆಳಗ್ಗೆ ಐದು ಕಿಲೋಮೀಟರ್ ಓಡುವ ಅಥವಾ ನಡೆಯುವ ಉಚಿತ ಪಾರ್ಕ್‌ರನ್ ಈ ಮೂರು ನಗರಗಳಲ್ಲೂ ಇದೆ. ಪರ್ತಿನ ಕಿಂಗ್ಸ್ ಪಾರ್ಕ್ ಬಳಿಯ 242 ಮೆಟ್ಟಿಲುಗಳ ಜೇಕಬ್ಸ್ ಲ್ಯಾಡರ್, ಬ್ರಿಸ್ಬೇನಿನ ಕ್ಯಾಂಗರೂ ಪಾಯಿಂಟ್, ಅಡಿಲೇಡಿನವರು ವಾಟರ್‌ಫಾಲ್ ಗಲ್ಲಿಯಿಂದ ಏರುವ ಮೌಂಟ್ ಲಾಫ್ಟಿ ಇವೆಲ್ಲ ಗೆಳೆಯನೊಬ್ಬ ಕಾಯುತ್ತಿದ್ದಾನೆಂಬ ಕಾರಣಕ್ಕೇ ಹಾಸಿಗೆಯಿಂದೆಬ್ಬಿಸುವ ತಾಣಗಳು.

ಮನಸ್ಸು ಒಲ್ಲೆನ್ನುವ ದಿನಕ್ಕೆಂದೇ ಕಿರಿದಾದ ಪಾಠವೊಂದು ಇರಬೇಕು. ಬಿಕೆಲ್ ಮತ್ತು ಸಹೋದ್ಯೋಗಿಗಳ 2011ರ ಅಧ್ಯಯನದಲ್ಲಿ 16 ವಾರ ತರಬೇತಿ ಪಡೆದ ಯುವಕರು, ಆ ಬಳಿಕ ಅದರ ಒಂಬತ್ತರಲ್ಲೊಂದು ಪಾಲನ್ನಷ್ಟೇ ಮಾಡಿಯೂ 32 ವಾರ ಸ್ನಾಯುಗಳ ಗಾತ್ರವನ್ನು ಉಳಿಸಿಕೊಂಡರು. ಅರುವತ್ತು ದಾಟಿದವರಿಗೆ ಅಷ್ಟು ಸಾಲಲಿಲ್ಲ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡ ಮೇಲೆ ಹಗುರವೆನಿಸಿದರೆ ಮುಂದುವರಿಯಬಹುದು, ಇನ್ನೂ ಭಾರವಾದರೆ ಮನೆಗೆ ಮರಳಬಹುದು. ರಾತ್ರಿ ಪಾಳಿ ಮುಗಿಸಿದ ನರ್ಸಿಗೂ ಪಿಲ್ಬರಾದ ಗಣಿಯಲ್ಲಿ ಹನ್ನೆರಡು ಗಂಟೆ ದುಡಿದು ಪರ್ತಿಗೆ ವಿಮಾನದಲ್ಲಿ ಮರಳಿದವನಿಗೂ ಮೊದಲು ಬೇಕಾದುದು ನಿದ್ದೆ. ವಾರಗಟ್ಟಲೆ ಜಿಮ್‌ನಲ್ಲಷ್ಟೇ ಅಲ್ಲದೆ ಊಟದಲ್ಲಿ, ಮಾತಿನಲ್ಲಿ, ಮಕ್ಕಳ ಆಟದಲ್ಲಿಯೂ ಆಸಕ್ತಿ ಬತ್ತಿಹೋದರೆ ಅದು ಖಿನ್ನತೆಯ ಲಕ್ಷಣವಿರಬಹುದಾದ್ದರಿಂದ, ಅದನ್ನು ಶಿಸ್ತಿನ ಕೊರತೆಯೆಂದು ಜರೆಯದೆ, ಆಸ್ಟ್ರೇಲಿಯಾದಲ್ಲಿ ಜಿ.ಪಿ. ಎಂದು ಕರೆಯಲಾಗುವ ಕುಟುಂಬ ವೈದ್ಯರ ಬಳಿಗೆ ಹೋಗುವುದು ತಕ್ಕದ್ದು.